ಕಾರ್ಟ್‌ವೀಲ್: ಕಾಲಿನಲ್ಲಿ ಕಾಣುವ ದೋಷ, ಕೈಯಲ್ಲಿರುವ ಕಾರಣ

ಕಾರ್ಟ್‌ವೀಲ್ (ಕೈಗಳನ್ನು ನೆಲಕ್ಕೂರಿ ಚಕ್ರದಂತೆ ಪಕ್ಕಕ್ಕೆ ತಿರುಗುವ ಜಿಮ್ನಾಸ್ಟಿಕ್ಸ್ ಕ್ರಿಯೆ) ಕಲಿಯುವವರಿಗೆ ಸಾಮಾನ್ಯವಾಗಿ ಸಿಗುವ ಸೂಚನೆ ‘ಮೊಣಕಾಲು ಮಡಚಬೇಡಿ, ಕಾಲನ್ನು ಮೇಲಕ್ಕೆ ತನ್ನಿ’ ಎಂಬುದು. ಈ ಸೂಚನೆ ತಪ್ಪಲ್ಲ, ಆದರೆ ಇದರಿಂದ ಪ್ರಯೋಜನ ಕಡಿಮೆ. ಏಕೆಂದರೆ ಕಾಲು ಮೇಲೇರದಂತೆ ತಡೆಯುವ ದೋಷವು ಮೊದಲ ಕೈ ನೆಲ ಮುಟ್ಟುವ ಮೊದಲೇ ನಡೆದುಹೋಗಿರುತ್ತದೆ. ಕಲಬುರಗಿ ಭಾಗದಲ್ಲಿ ದೈಹಿಕ ಶಿಕ್ಷಣದ ಪ್ರಾಯೋಗಿಕ ಪರೀಕ್ಷೆಗೆ ಸಿದ್ಧರಾಗುತ್ತಿರುವ ಸಹಪಾಠಿಗಳಿಗಾಗಿ ಬರೆದ ಈ ಟಿಪ್ಪಣಿ ಆ ಒಂದು ವಿಷಯವನ್ನೇ ಹಿಡಿದು ಸಾಗುತ್ತದೆ. ವಿವರಣೆಗಾಗಿ ಎಡಗಡೆಯ ಕಾರ್ಟ್‌ವೀಲನ್ನು ತೆಗೆದುಕೊಂಡಿದ್ದೇನೆ. ಬಲಗಾಲು ಮುಂದಿಡುವುದು ಸಹಜವೆನಿಸುವವರು ಎಡ-ಬಲಗಳನ್ನು ಅದಲುಬದಲು ಮಾಡಿಕೊಂಡು ಓದಬೇಕು.

ಕ್ರಿಯೆಯ ಕ್ರಮ

ಎಡಗಾಲನ್ನು ಮುಂದಿಟ್ಟು, ಅದರ ಮೊಣಕಾಲನ್ನು ಸ್ವಲ್ಪ ಬಗ್ಗಿಸಿ, ಎರಡೂ ತೋಳುಗಳನ್ನು ಕಿವಿಗೆ ತಾಗುವಂತೆ ಮೇಲೆತ್ತಿ ನಿಲ್ಲುವುದು ಲಂಜ್ ಸ್ಥಿತಿ. ಅಲ್ಲಿಂದ ಮುಂಡವು ಕೆಳಗಿಳಿಯುತ್ತಿರುವಾಗಲೇ ಹಿಂದಿನ ಬಲಗಾಲು ಮೇಲೇಳಬೇಕು. ಏತದ ಮರದ ಒಂದು ತುದಿ ಇಳಿದಷ್ಟೇ ಇನ್ನೊಂದು ತುದಿ ಏರುವಂತೆ, ಕೈಬೆರಳ ತುದಿಯಿಂದ ಬಲ ಹಿಮ್ಮಡಿಯವರೆಗೆ ಶರೀರವು ಒಂದೇ ಗೆರೆಯಾಗಿ ವಾಲಬೇಕು. ಬಳಿಕ ಎಡಗೈ, ಬಲಗೈ, ಬಲಗಾಲು, ಎಡಗಾಲು ಈ ಅನುಕ್ರಮದಲ್ಲಿ ಒಂದೇ ನೇರ ಸಾಲಿನಲ್ಲಿ ನೆಲ ಮುಟ್ಟುತ್ತವೆ. ಕೊನೆಯಲ್ಲಿ ಬಲಗಾಲು ಮುಂದಿರುವ ಲಂಜ್‌ನಲ್ಲಿ, ಹೊರಟ ಜಾಗಕ್ಕೆ ಮುಖಮಾಡಿ ನಿಲ್ಲಬೇಕು.

ನಾಲ್ಕು ಸ್ಪರ್ಶಗಳ ನಡುವಿನ ಕಾಲ ಸಮನಾಗಿರುವುದು ಒಳ್ಳೆಯ ಕಾರ್ಟ್‌ವೀಲಿನ ಲಕ್ಷಣ. ಗೆಳೆಯರೊಬ್ಬರು ಪಕ್ಕದಲ್ಲಿ ನಿಂತು ಪ್ರತಿ ಸ್ಪರ್ಶಕ್ಕೂ ಚಪ್ಪಾಳೆ ತಟ್ಟಿದರೆ, ಎರಡು ಕೈಗಳು ಒಟ್ಟಿಗೆ ಬಿದ್ದ ಸದ್ದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ.

ಸೊಂಟ ಏಕೆ ಮಡಚುತ್ತದೆ

ಹೊಸಬರಲ್ಲಿ ಅತಿ ಹೆಚ್ಚಾಗಿ ಕಾಣುವ ದೋಷವೆಂದರೆ ಸೊಂಟ ಮಡಚಿ, ಕಾಲುಗಳು ತಲೆಯ ಮೇಲಿಂದ ಹೋಗದೆ ಪಕ್ಕದಿಂದ ಸುತ್ತಿ ಬರುವುದು. ಇದನ್ನು ಕೇವಲ ಅಂಜಿಕೆ ಅಥವಾ ಸೋಮಾರಿತನ ಎಂದು ತಳ್ಳಿಹಾಕುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ನೀಳವಾಗಿ ಚಾಚಿದ ಶರೀರವನ್ನು ತಿರುಗಿಸಲು ಹೆಚ್ಚು ಬಲ ಬೇಕು, ಮಡಚಿದ ಶರೀರಕ್ಕೆ ಕಡಿಮೆ ಸಾಕು. ಹಿಂದಿನ ಕಾಲಿನ ಎಸೆತವೂ ಮುಂದಿನ ಕಾಲಿನ ತಳ್ಳುವಿಕೆಯೂ ಸಾಲದೆ ಹೋದಾಗ, ತಿರುಗುವಿಕೆ ಅರ್ಧಕ್ಕೇ ನಿಲ್ಲದಿರಲೆಂದು ಶರೀರವು ತಾನಾಗಿಯೇ ಚಿಕ್ಕದಾಗುತ್ತದೆ. ಹೀಗಿರುವಾಗ ಬಲ ಹೆಚ್ಚಿಸುವ ದಾರಿ ತೋರದೆ ‘ನೆಟ್ಟಗೆ ಮಾಡು’ ಎಂದಷ್ಟೇ ಹೇಳಿದರೆ ಕಲಿಯುವವರು ನಡುದಾರಿಯಲ್ಲಿ ಬೀಳುತ್ತಾರೆ.

ಬಲ ಸಾಲದಿರುವುದಕ್ಕೆ ಬಹುಪಾಲು ಕಾರಣ ಕೈ ಇಡುವ ಜಾಗ. ಮೊದಲ ಕೈಯನ್ನು ಪಾದದ ಹತ್ತಿರವೇ ಊರಿದರೆ ಮುಂಡವು ನೇರವಾಗಿ ಕೆಳಗೆ ಕುಸಿಯುತ್ತದೆ, ತೋಳು-ಮುಂಡಗಳ ನಡುವಿನ ಭುಜದ ಕೋನ ಮುಚ್ಚಿಕೊಳ್ಳುತ್ತದೆ, ಮುಂದಿನ ಕಾಲಿಗೆ ನೆಲವನ್ನು ಹಿಂದಕ್ಕೆ ಒತ್ತಲು ಅವಕಾಶವೇ ಉಳಿಯುವುದಿಲ್ಲ. ಆದ್ದರಿಂದ ಕೈಯನ್ನು ‘ಕೆಳಗೆ’ ಇಡುವ ಬದಲು ‘ದೂರಕ್ಕೆ’ ಚಾಚಬೇಕು. ಎಷ್ಟು ದೂರ ಎಂಬುದು ಎತ್ತರವನ್ನು ಅವಲಂಬಿಸುವುದರಿಂದ ಅಳತೆ ಕೊಡುವುದು ವ್ಯರ್ಥ. ಲಂಜ್‌ನಿಂದ ತೋಳು ಕಿವಿಯನ್ನು ಬಿಟ್ಟು ಸರಿಯದಂತೆ ಬಾಗಿದಾಗ ಬೆರಳು ಎಲ್ಲಿ ಮುಟ್ಟುತ್ತದೋ ಅದೇ ನಿಮ್ಮ ಗುರುತು. ಅಲ್ಲಿ ಸುಣ್ಣದ ಗೆರೆ ಎಳೆದುಕೊಳ್ಳಿ. ಗೆರೆಯ ಆಚೆಗೆ ಕೈ ಊರಿ, ಹಿಂದಿನ ಕಾಲನ್ನು ಎಸೆದು, ಪೂರ್ತಿ ತಿರುಗದೆ ಅದೇ ಲಂಜ್‌ಗೆ ಮರಳುವ ಅಭ್ಯಾಸವು ನೋಡಲು ನೀರಸವಾದರೂ ಇಡೀ ಕೌಶಲದ ಅರ್ಧ ಭಾಗ ಅದರಲ್ಲಿಯೇ ಇದೆ.

ಬೆರಳುಗಳ ದಿಕ್ಕಿನಲ್ಲಿಯೂ ಗೊಂದಲವಿರುತ್ತದೆ. ಎಡಗಡೆಯ ಕಾರ್ಟ್‌ವೀಲಿನಲ್ಲಿ ಎರಡೂ ಕೈಗಳ ಬೆರಳುಗಳು ಚಲನೆಯ ಸಾಲಿಗೆ ಅಡ್ಡವಾಗಿ ಎಡಗಡೆಗೆ ಮುಖಮಾಡಿರುತ್ತವೆ. ಬೆರಳುಗಳು ನೇರ ಮುಂದಕ್ಕೆ ಇದ್ದರೆ ಮುಂಡ ಪಕ್ಕಕ್ಕೆ ಹೊರಳುವುದಿಲ್ಲ, ಮಣಿಕಟ್ಟಿನ ಮೇಲೆ ತಿರುಚುವ ಒತ್ತಡವೂ ಬೀಳುತ್ತದೆ. ತಲೆಯು ಎರಡು ತೋಳುಗಳ ನಡುವೆ ಇದ್ದು, ಕಣ್ಣು ಕೈಗಳ ನಡುವಿನ ನೆಲವನ್ನು ನೋಡುತ್ತಿರಬೇಕು.

ಇನ್ನೊಂದು ಕೊರತೆ ಭುಜದ್ದು. ಕ್ಷಣಕಾಲ ಇಡೀ ಶರೀರದ ಭಾರ ಒಂದು ಕೈಯಿಂದ ಮತ್ತೊಂದಕ್ಕೆ ದಾಟುವ ಈ ಕ್ರಿಯೆಯಲ್ಲಿ ಭುಜವು ಕಿವಿಯತ್ತ ಎತ್ತಿ ನೆಲವನ್ನು ತಳ್ಳದಿದ್ದರೆ ಮೊಣಕೈ ಬಾಗುತ್ತದೆ. ಗೋಡೆಗೆ ಎದೆ ತಾಗುವಂತೆ ಹ್ಯಾಂಡ್‌ಸ್ಟ್ಯಾಂಡ್ (ಕೈಗಳ ಮೇಲೆ ತಲೆಕೆಳಗಾಗಿ ನಿಲ್ಲುವುದು) ಮಾಡಿ, ಕಾಲುಗಳನ್ನು ಅಗಲಿಸಿ, ಭಾರವನ್ನು ಒಂದು ಕೈಗೆ ವಾಲಿಸಿ ಮತ್ತೊಂದನ್ನು ಕೊಂಚವೇ ಎತ್ತುವುದು ಇದಕ್ಕೆ ತಕ್ಕ ಅಭ್ಯಾಸ. ಹ್ಯಾಂಡ್‌ಸ್ಟ್ಯಾಂಡ್ ಬಾರದವರು ಮೊದಲು ಅದನ್ನೇ ಕಲಿಯಬೇಕು; ಅಡ್ಡದಾರಿ ಇಲ್ಲ.

ಗೆರೆ, ನೆಲ ಮತ್ತು ಆಸರೆ

ನೇರ ಗೆರೆಯ ಮೇಲೆ ಒಮ್ಮೆಲೇ ಬರಲಾಗದವರಿಗೆ ಮೊದಲು ಬಿಲ್ಲಿನಾಕಾರದ ಗೆರೆ ಎಳೆದು, ಕೈಕಾಲುಗಳನ್ನು ಅದರ ಮೇಲೆಯೇ ಇಡಿಸಿ, ದಿನಗಳೆದಂತೆ ಬಾಗನ್ನು ಕಡಿಮೆ ಮಾಡುತ್ತ ನೇರಕ್ಕೆ ತರುವುದು ಹಳೆಯ, ಫಲ ಕೊಡುವ ಕ್ರಮ. ನಮ್ಮ ಭಾಗದ ಶಾಲೆಗಳ ಪಡಸಾಲೆಯಲ್ಲಿ ಶಹಾಬಾದ್ ಕಲ್ಲಿನ ಸಂದುಗಳೇ ಸಿದ್ಧ ಗೆರೆಗಳಾಗಿವೆ. ಕೈಕಾಲು ಇಡುವ ಜಾಗವನ್ನು ನಡೆದು ನೋಡಿ ಗುರುತಿಸಿಕೊಳ್ಳಲು ಅವು ಅನುಕೂಲ, ಆದರೆ ಬರಿಯ ಕಲ್ಲಿನ ಮೇಲೆ ತಿರುಗಲೇಬಾರದು. ಅದರ ಮೇಲೆ ಮ್ಯಾಟ್ ಹಾಸುವುದಾದರೂ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸದಿದ್ದರೆ, ಕೈ ಊರಿದ ಕ್ಷಣವೇ ಮ್ಯಾಟ್ ಜಾರುತ್ತದೆ. ಬೇಸಿಗೆಯಲ್ಲಿ ಬಿರುಕುಬಿಟ್ಟು ಗಟ್ಟಿಯಾದ ಎರೆ ಮಣ್ಣಿನ ಮೈದಾನವೂ ಅಷ್ಟೇ ಅಪಾಯ; ಬಿರುಕಿನಲ್ಲಿ ಬೆರಳು ಸಿಕ್ಕಿಕೊಳ್ಳಬಹುದು. ತಾಪಮಾನ 40 ಡಿಗ್ರಿ ದಾಟುವ ಏಪ್ರಿಲ್-ಮೇ ತಿಂಗಳುಗಳಲ್ಲಿ ಬಯಲಲ್ಲಿ ಅಭ್ಯಾಸವನ್ನು ಬಿಸಿಲೇರುವ ಮೊದಲೇ ಮುಗಿಸಬೇಕು.

ಆಸರೆ ಕೊಡುವವರು ಮಾಡುವವರ ಬೆನ್ನಿನ ಬದಿಯಲ್ಲಿ, ಅಂದರೆ ಮೊದಲ ಕೈ ಇಡುವ ಕಡೆಯಲ್ಲಿ ನಿಲ್ಲಬೇಕು. ಎದೆಯ ಬದಿಯಲ್ಲಿ ನಿಂತವರಿಗೆ ಒದೆ ಬೀಳುವುದು ಬಹುತೇಕ ಖಚಿತ. ತಮ್ಮ ತೋಳುಗಳನ್ನು ಒಂದರ ಮೇಲೊಂದು ಅಡ್ಡ ಹಾಕಿ ಸೊಂಟ ಹಿಡಿದರೆ, ಶರೀರ ತಿರುಗಿದಂತೆ ತೋಳುಗಳು ತಾವಾಗಿ ಬಿಡಿಸಿಕೊಳ್ಳುತ್ತವೆ. ಇದಕ್ಕೂ ಮೊದಲು ಮಣಿಕಟ್ಟನ್ನು ಕಾಯಿಸಿಕೊಳ್ಳುವುದನ್ನು ಮರೆಯಬಾರದು: ಮಂಡಿಯೂರಿ, ಅಂಗೈ ನೆಲಕ್ಕೊತ್ತಿ, ನಿಧಾನವಾಗಿ ಮುಂದೆ-ಹಿಂದೆ ತೂಗಿದರೆ ಸಾಕು.

ಮೊಬೈಲಿನಲ್ಲಿ ಚಿತ್ರೀಕರಿಸುವವರು ಹೆಚ್ಚಾಗಿ ಪಕ್ಕದಿಂದಷ್ಟೇ ತೆಗೆಯುತ್ತಾರೆ. ಅಲ್ಲಿಂದ ಕಾಲುಗಳ ಅಗಲ ಕಾಣುತ್ತದೆ, ಸೊಂಟದ ಮಡಿಕೆ ಮರೆಯಾಗುತ್ತದೆ. ಗೆರೆಯ ತುದಿಯಲ್ಲಿ ನಿಂತು ನಿಧಾನಗತಿಯಲ್ಲಿ ತೆಗೆದರೆ, ಕೈ, ಭುಜ, ಸೊಂಟ, ಪಾದಗಳು ಒಂದೇ ಲಂಬರೇಖೆಯಲ್ಲಿವೆಯೇ ಎಂಬುದು ಸ್ಪಷ್ಟವಾಗುತ್ತದೆ. ನೋಡುವಾಗ ತಲೆಕೆಳಗಾದ ಚಿತ್ರದಿಂದ ಆರಂಭಿಸದೆ, ಮೊದಲ ಕೈ ನೆಲ ಮುಟ್ಟುವ ಚಿತ್ರದಲ್ಲಿ ನಿಲ್ಲಿಸಿ. ಆ ಹೊತ್ತಿಗೆ ಹಿಂದಿನ ಕಾಲು ಸೊಂಟಕ್ಕಿಂತ ಮೇಲೆ ಇಲ್ಲದಿದ್ದರೆ ಮುಂದಿನದನ್ನು ನೋಡುವ ಅಗತ್ಯವೇ ಇಲ್ಲ.

ರೌಂಡ್‌ಆಫ್‌ನತ್ತ

ಜಿಮ್ನಾಸ್ಟಿಕ್ಸ್ ಸ್ಪರ್ಧೆಯ ಫ್ಲೋರ್ (ನೆಲದ ಮೇಲಿನ ಕಸರತ್ತಿನ ಅಂಕಣ) 12 ಮೀಟರ್ ಉದ್ದ, 12 ಮೀಟರ್ ಅಗಲದ ಚೌಕ; ಅದರ ಕರ್ಣ ಸುಮಾರು 17 ಮೀಟರ್ ಮಾತ್ರ. ಅಷ್ಟರೊಳಗೆ ಮುಂದಕ್ಕೆ ಓಡಿದ ವೇಗವನ್ನು ಹಿಂದಕ್ಕೆ ತಿರುಗುವ ಲಾಗಗಳಿಗೆ ಬದಲಿಸಿಕೊಡುವ, ಕಾರ್ಟ್‌ವೀಲಿನ ಮೇಲೆ ಕಟ್ಟುವ ಕೊಂಡಿಯೇ ರೌಂಡ್‌ಆಫ್. ವಾಲ್ಟ್‌ನಲ್ಲಿ (ಓಡಿಬಂದು ಮೇಜಿನಂಥ ಉಪಕರಣದ ಮೇಲಿಂದ ಜಿಗಿಯುವ ವಿಭಾಗ) ಸೋವಿಯತ್ ಜಿಮ್ನಾಸ್ಟ್ ನತಾಲಿಯಾ ಯುರ್ಚೆಂಕೊ ಹೆಸರು ಪಡೆದ ಜಿಗಿತಗಳೂ ರೌಂಡ್‌ಆಫ್‌ನಿಂದಲೇ ಆರಂಭವಾಗುತ್ತವೆ. ಇದರಲ್ಲಿ ಎರಡನೆಯ ಕೈಯ ಬೆರಳುಗಳು ಮೊದಲ ಕೈಯತ್ತ ಇನ್ನಷ್ಟು ಹೊರಳುತ್ತವೆ, ಕಾಲುಗಳು ಮೇಲೆಯೇ ಕೂಡಿಕೊಂಡು ಒಟ್ಟಿಗೆ ಇಳಿಯುತ್ತವೆ, ಭುಜದ ತಳ್ಳುವಿಕೆಯಿಂದ ಪಾದ ನೆಲ ಮುಟ್ಟುವ ಮೊದಲೇ ಕೈ ಬಿಟ್ಟಿರುತ್ತದೆ. ಸೊಂಟ ಮಡಚುವ ಕಾರ್ಟ್‌ವೀಲಿನ ಮೇಲೆ ಇದನ್ನು ಕಟ್ಟಿದರೆ ಕಾಲುಗಳು ಸಾಲಿನಿಂದ ಪಕ್ಕಕ್ಕೆ ಬೀಳುತ್ತವೆ. ಆದಕಾರಣ ಗೆರೆಯ ತುದಿಯಿಂದ ತೆಗೆದ ಚಿತ್ರ ನೇರವಾಗುವವರೆಗೆ ಓಟ ಸೇರಿಸದೆ, ಲಂಜ್‌ನಿಂದಲೇ ಅಭ್ಯಾಸ ಮುಂದುವರಿಸುವುದು ಒಳಿತು.