ಮೊದಲು ಒಂದು ಮಣೆ ಮಾಡಿ

ಮರಗೆಲಸ ಕಲಿಯಬೇಕೆಂದು ನಮ್ಮ ಶೆಡ್ಡಿಗೆ ಬರುವವರಲ್ಲಿ ಹೆಚ್ಚಿನವರು ಮೊದಲ ದಿನವೇ ಮೊಬೈಲು ತೆಗೆದು ಊಟದ ಮೇಜಿನ ಚಿತ್ರ ತೋರಿಸುತ್ತಾರೆ. ಆರು ಜನ ಕೂರುವ ಮೇಜು, ದಪ್ಪ ಹಲಗೆ, ಕೆಳಗೆ ಓರೆ ಕಾಲುಗಳು. "ಎರಡು ತಿಂಗಳಲ್ಲಿ ಗೃಹಪ್ರವೇಶ ಸಾರ್, ಅಷ್ಟರೊಳಗೆ ಆಗಬಹುದಲ್ಲವೇ?" ಆಗುತ್ತದೆ ಎಂದೂ ಹೇಳುವುದಿಲ್ಲ, ಆಗುವುದಿಲ್ಲ ಎಂದೂ ಹೇಳುವುದಿಲ್ಲ. ಮೊದಲು ಒಂದು ಮಣೆ ಮಾಡಿ ಎನ್ನುತ್ತೇನೆ. ಅವರ ಮುಖ ಸಪ್ಪಗಾಗುತ್ತದೆ. ಮಣೆಯೇ? ಅಜ್ಜಿ ಕೂತು ಊಟ ಮಾಡುತ್ತಿದ್ದ ಮಣೆಯೇ?

ಅದೇ. ಒಂದು ಹಲಗೆ, ಅದರ ಕೆಳಗೆ ಎರಡು ಅಡ್ಡಪಟ್ಟಿ. ಆದರೆ ಹಲಗೆಯ ಎಳೆ, ಅಂದರೆ ಮರದ ನಾರು, ಉದ್ದಕ್ಕೆ ಹರಿಯುತ್ತದೆ, ಪಟ್ಟಿಯ ಎಳೆ ಅದಕ್ಕೆ ಅಡ್ಡವಾಗಿ. ಪೀಠೋಪಕರಣದ ತಂಟೆಯೆಲ್ಲ ಇರುವುದು ಈ ಅಡ್ಡದಲ್ಲಿ. ಊಟದ ಮೇಜೂ ಅಷ್ಟೇ, ಕಾಲು ಉದ್ದವಾದ ಮಣೆ.

ಇದನ್ನು ನಾನು ಕಲಿತದ್ದು ಗಿರಾಕಿಯ ದುಡ್ಡಿನಲ್ಲಿ. ಕಸುಬಿಗೆ ಹೊಸಬನಾಗಿದ್ದಾಗ ಬೆಂಗಳೂರಿನಲ್ಲಿ ಮಾರ್ಚ್ ತಿಂಗಳ ಒಣ ಹವೆಯಲ್ಲಿ ತೇಗದ ಮೇಜೊಂದನ್ನು ಮಾಡಿ ಕುಂದಾಪುರದ ಕಡೆಯ ಮನೆಗೆ ಕಳಿಸಿದೆ. ಗಟ್ಟಿಯಾಗಿರಲಿ ಎಂದು ಮೇಲ್ಹಲಗೆಗೆ ಕೆಳಗಿನಿಂದ ಮೂರು ಅಡ್ಡಪಟ್ಟಿ ಇಟ್ಟು, ಅಂಟು ಬಳಿದು, ಅದರ ಮೇಲೆ ಸ್ಕ್ರೂಗಳನ್ನೂ ಬಿಗಿದಿದ್ದೆ. ಜುಲೈನಲ್ಲಿ ಫೋನ್ ಬಂತು. ಮೇಜಿನ ನಡು ಆಮೆಯ ಬೆನ್ನಿನಂತೆ ಉಬ್ಬಿದೆ, ಅಂಚಿನಲ್ಲಿಟ್ಟ ಲೋಟ ಓರೆಯಾಗಿ ನಿಲ್ಲುತ್ತದೆ ಎಂದು. ಹೋಗಿ ನೋಡಿದೆ. ಮಳೆಗಾಲದ ತೇವ ಕುಡಿದ ಹಲಗೆ ಅಗಲಕ್ಕೆ ಹಿಗ್ಗಲು ನೋಡಿದೆ, ಕೆಳಗಿನ ಪಟ್ಟಿಗಳು ಬಿಟ್ಟಿಲ್ಲ. ಪಕ್ಕಕ್ಕೆ ಜಾಗವಿಲ್ಲದ ಮರ ಮೇಲಕ್ಕೆ ಎದ್ದಿದೆ. ಅಂಟು ಕೆಟ್ಟದಾಗಿದ್ದರೆ ಬಿಟ್ಟುಕೊಂಡು ಮೇಜು ಉಳಿಯುತ್ತಿತ್ತೋ ಏನೋ. ಅಂಟು ಒಳ್ಳೆಯದೇ ಆಗಿತ್ತು.

ಮರ ಕಡಿದ ಮೇಲೂ ತೇವ ಕುಡಿಯುತ್ತದೆ, ಬಿಡುತ್ತದೆ. ಹಸಿ ತೇಗ ಪೂರ್ತಿ ಒಣಗುವಾಗ ವರ್ಷದ ಉಂಗುರಗಳ ಗುಂಟ ಸುಮಾರು ಶೇ 5.8ರಷ್ಟು ಕುಗ್ಗುತ್ತದೆ. ತಿರುಳಿನಿಂದ ತೊಗಟೆಯ ದಿಕ್ಕಿಗೆ ಸುಮಾರು ಶೇ 2.5ರಷ್ಟು. ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕೇ ಬರುವುದಿಲ್ಲ. ತೇಗ ಈ ವಿಷಯದಲ್ಲಿ ಸಾಧು ಮರ, ಬೇರೆ ಎಷ್ಟೋ ಮರಗಳು ಇದಕ್ಕಿಂತ ಹೆಚ್ಚು ಕುಣಿಯುತ್ತವೆ. ಆ ಸಾಧು ಮರದಲ್ಲೂ ಮೂರು ಅಡಿ ಅಗಲದ ಮೇಲ್ಹಲಗೆಯ ತೇವ ಶೇ 10ರಿಂದ 15ಕ್ಕೆ ಏರಿದರೆ, ಹಲಗೆ ಕೊಯ್ದ ರೀತಿ ನೋಡಿಕೊಂಡು, ಅಗಲ 8-9 ಮಿ.ಮೀ.ವರೆಗೂ ಬೆಳೆಯಬಹುದು. ಒಂಬತ್ತು ಇಂಚಿನ ಮಣೆಯಲ್ಲಿ ಅದೇ ಹಿಗ್ಗು ಎರಡು ಮಿ.ಮೀ. ಆಸುಪಾಸು. ಕೈಯಲ್ಲಿ ಹಿಡಿದು ಕಲಿಯುವುದಕ್ಕೆ ಅದು ಒಳ್ಳೆಯ ಅಳತೆ.

ಇನ್ನು ಮರ. ಹಲಸು ಸಿಕ್ಕರೆ ಬಿಡಬೇಡಿ. ವೀಣೆಗೆ ಬಳಸುವ ಮರ, ಉಳಿಗೆ ಹೇಳಿದ ಮಾತು ಕೇಳುತ್ತದೆ. ಹೊಸದರಲ್ಲಿ ಅರಿಶಿನದಂತಿದ್ದು ವರ್ಷಗಳು ಕಳೆದಂತೆ ಕಂದಾಗುತ್ತದೆ. ಮತ್ತಿ ಗಟ್ಟಿ, ಹೊಸಬರ ಗರಗಸಕ್ಕೆ ಶಿಕ್ಷೆ. ಕಾಫಿ ತೋಟಗಳ ಸಿಲ್ವರ್ ಓಕ್ ಅಗ್ಗ, ಕೈ ಪಳಗಿಸಲು ಸಾಕು. ಬೀಟೆಯ ಆಸೆ ಈಗ ಬೇಡ. ನಿಮ್ಮದೇ ತೋಟದಲ್ಲಿದ್ದರೂ ಅನುಮತಿಯಿಲ್ಲದೆ ಕಡಿಯುವಂತಿಲ್ಲ, 1976ರ ರಾಜ್ಯದ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಡಿಪೋದಲ್ಲಿ ಯಾವ ಮರ ಕೊಂಡರೂ ಬಿಲ್ ಕೇಳಿ.

ಅಲ್ಲಿ ಲೆಕ್ಕವೆಲ್ಲ ಘನ ಅಡಿಯಲ್ಲಿ. ದಪ್ಪ ಮತ್ತು ಅಗಲವನ್ನು ಇಂಚಿನಲ್ಲಿ, ಉದ್ದವನ್ನು ಅಡಿಯಲ್ಲಿ ಅಳೆದು ಗುಣಿಸಿ 144ರಿಂದ ಭಾಗಿಸಿದರೆ ಆಯಿತು. ಒಂದೂಕಾಲು ಇಂಚು ದಪ್ಪ, ಒಂಬತ್ತು ಇಂಚು ಅಗಲ, ಒಂದೂವರೆ ಅಡಿ ಉದ್ದದ ಮಣೆಯ ಹಲಗೆ ಘನ ಅಡಿಯ ಎಂಟನೆಯ ಒಂದು ಭಾಗಕ್ಕೂ ಕಡಿಮೆ. ಮಿಲ್ಲಿನ ಮೂಲೆಯಲ್ಲಿ ಬಿದ್ದಿರುವ ತುಂಡುಗಳಲ್ಲೇ ಸಿಗುತ್ತದೆ. ಆರಿಸುವಾಗ ಹಲಗೆಯ ತುದಿ ನೋಡಿ. ಚೇಗಿನ, ಅಂದರೆ ಮರದ ಒಳಗಿನ ಕಡುಬಣ್ಣದ ಗಟ್ಟಿ ಭಾಗವೇ ಇರಲಿ, ಅಂಚಿನ ಬಿಳಿ ಭಾಗಕ್ಕೆ ಹುಳ ಬೀಳುತ್ತದೆ. ಮರದ ನಡುವಿನ ತಿರುಳು ಹಲಗೆಯಲ್ಲಿ ಸಿಕ್ಕಿಕೊಂಡಿದ್ದರೆ ಅದು ಅಲ್ಲಿಂದಲೇ ಸೀಳುತ್ತದೆ, ಬೇಡ.

"ಪೂರ್ತಿ ಒಣಗಿದ ಮಾಲು ಸಾರ್" ಎಂದು ಎಲ್ಲ ಡಿಪೋದವರೂ ಹೇಳುತ್ತಾರೆ. ತೇವ ಅಳೆಯುವ ಮೀಟರು ಇಲ್ಲದಿದ್ದರೆ ಅಡುಗೆಮನೆಯ ತಕ್ಕಡಿ ಇದೆ. ಹಲಗೆಯನ್ನು ಮನೆಯೊಳಗೆ, ಕೆಳಗೆ ಎರಡು ರೀಪರ್ ತುಂಡು ಕೊಟ್ಟು, ಎಲ್ಲ ಬದಿಗೂ ಗಾಳಿಯಾಡುವಂತೆ ಇಡಿ. ವಾರಕ್ಕೊಮ್ಮೆ ತೂಗಿ ಹಲಗೆಯ ಮೇಲೇ ಪೆನ್ಸಿಲಿನಲ್ಲಿ ಬರೆದಿಡಿ. ತೂಕ ಇಳಿಯುವುದು ನಿಂತ ಮೇಲೆ ಗರಗಸ ಹಿಡಿಯಿರಿ. ಹಸಿ ಹಲಗೆಯಾದರೆ ಇಂಚು ದಪ್ಪಕ್ಕೆ ವರ್ಷ ಎಂಬುದು ಹಳೆಯ ಲೆಕ್ಕ.

ಉಪಕರಣಗಳ ಪಟ್ಟಿ ಕೇಳುವವರಿಗೆ ನನ್ನ ಉತ್ತರ ಚಿಕ್ಕದು. ಅರ್ಧ ಇಂಚಿನದೊಂದು, ಒಂದು ಇಂಚಿನದೊಂದು ಉಳಿ, ಒಂದು ಗರಗಸ, ಒಂದು ಕೊಡತಿ (ಮರದ ಸುತ್ತಿಗೆ), ಒಂದು ಮೂಲೆಮಟ್ಟ, ಎರಡು ಕ್ಲ್ಯಾಂಪು, ಬ್ಯಾಟರಿಯ ಡ್ರಿಲ್. ಇವುಗಳ ಜೊತೆಗೆ ಹಲಗೆಯ ಮೈ ಹೆರೆದು ನುಣುಪು ಮಾಡುವ ಒಂದು ಉಜ್ಜುಗೊರಡು. ನಮ್ಮ ಶೆಡ್ಡಿನಲ್ಲಿ ಅದನ್ನು ತೋಪಡ ಎನ್ನುತ್ತೇವೆ. ಇಷ್ಟನ್ನು ಕೊಳ್ಳುವವರು ಕೊಂಡೇಬಿಡುತ್ತಾರೆ. ಕೊಳ್ಳದೆ ಬಿಡುವುದು ಸಾಣೆ ಕಲ್ಲನ್ನು.

ಅಂಗಡಿಯಿಂದ ತಂದ ಉಳಿ ಉಳಿಯಲ್ಲ, ಉಳಿಯ ಆಕಾರದ ಕಬ್ಬಿಣ. ಅದರ ಚಪ್ಪಟೆ ಬೆನ್ನನ್ನು ಸಾವಿರ ನಂಬರಿನ ಕಲ್ಲಿನ ಮೇಲೆ ನಾಲ್ಕು ಬಾರಿ ಉಜ್ಜಿ ನೋಡಿ. ತುದಿಯ ಹತ್ತಿರ ಒಂದು ಮೂಲೆಯಷ್ಟೇ ಹೊಳೆಯುತ್ತದೆ, ಉಳಿದದ್ದು ಮಂಕಾಗಿಯೇ ಇರುತ್ತದೆ. ಅಂದರೆ ಬೆನ್ನು ನೆಟ್ಟಗಿಲ್ಲ. ತುದಿಯಿಂದ ಒಂದು ಇಂಚಿನವರೆಗೆ ಪೂರ್ತಿ ಹೊಳಪು ಬರುವ ತನಕ ಉಜ್ಜಬೇಕು. ಬೇಸರದ ಕೆಲಸ, ಆದರೆ ಒಂದು ಉಳಿಗೆ ಜೀವಮಾನದಲ್ಲಿ ಒಂದೇ ಸಲ. ಆಮೇಲೆ ಓರೆ ಬದಿ. 25 ಡಿಗ್ರಿಯ ಓರೆಯನ್ನು ಕಲ್ಲಿಗೆ ಒತ್ತಿ, ಹಿಡಿಯನ್ನು ಚೂರು ಎತ್ತಿ, ಸುಮಾರು 30 ಡಿಗ್ರಿಯಲ್ಲಿ ಮಸೆಯಿರಿ. ಹತ್ತು ಹದಿನೈದು ಸಲ ಎಳೆದ ಮೇಲೆ ಬೆನ್ನಿನ ಕಡೆ ಬೆರಳನ್ನು ಅಂಚಿನಿಂದ ಆಚೆಗೆ ಸವರಿದರೆ ಸಣ್ಣ ತರಿ ತಾಗುತ್ತದೆ. ಅದು ಅಂಚಿನ ಉದ್ದಕ್ಕೂ ಸಿಕ್ಕಿದರೆ ಮಸೆದದ್ದು ತುದಿಯವರೆಗೆ ಮುಟ್ಟಿದೆ ಎಂದು ಅರ್ಥ. ಎಲ್ಲಾದರೂ ತಪ್ಪಿದ್ದರೆ ಇನ್ನೂ ಮುಟ್ಟಿಲ್ಲ. ಕೊನೆಗೆ ನುಣುಪು ಕಲ್ಲಿನಲ್ಲಿ ಎರಡೂ ಬದಿ ಎಳೆದು ತರಿ ಬೀಳಿಸಿ.

ಪರೀಕ್ಷೆಗೆ ಮುಂಗೈ ಕೂದಲು ಬೋಳಿಸುವವರಿದ್ದಾರೆ. ನಾನು ಸಿಲ್ವರ್ ಓಕ್ ತುಂಡಿನ ತುದಿಯನ್ನು ಅಡ್ಡಲಾಗಿ ಕೆತ್ತಿಸುತ್ತೇನೆ. ಮೊಂಡು ಉಳಿ ಅಲ್ಲಿ ಎಳೆಗಳನ್ನು ನಜ್ಜಿ ಪುಡಿ ಉದುರಿಸುತ್ತದೆ. ಹರಿತವಾದದ್ದು ತೆಳು ಸಿಪ್ಪೆ ತೆಗೆದು ಮೇಣ ಹಚ್ಚಿದಂತಹ ಮುಖ ಬಿಡುತ್ತದೆ. ಕೈಗೆ ಏಟು ಮಾಡಿಕೊಳ್ಳುವವರು ಹೆಚ್ಚಾಗಿ ಮೊಂಡು ಉಳಿಯವರೇ, ಜೋರು ಹಾಕಬೇಕಾಗುತ್ತದೆ, ಜಾರುತ್ತದೆ.

ತೋಪಡ ಹೊಡೆಯುವಾಗ ಎಳೆಯ ದಿಕ್ಕು ನೋಡಿ. ಮೀನನ್ನು ತಲೆಯಿಂದ ಬಾಲದ ಕಡೆಗೆ ಸವರಿದರೆ ನುಣುಪು, ತಿರುಗಿಸಿ ಸವರಿದರೆ ಪೊರೆ ಏಳುತ್ತದೆ. ಹಲಗೆಯೂ ಹಾಗೆಯೇ. ಚಕ್ಕೆ ಏಳಲು ಶುರುವಾದರೆ ಹಲಗೆಯನ್ನು ತಿರುಗಿಸಿಡಿ, ಜಿದ್ದು ಬೇಡ.

ಹಲಗೆ ಸಮತಟ್ಟಾಯಿತು, ತುದಿ ಕತ್ತರಿಸಿದ್ದಾಯಿತು. ಈಗ ಅಡ್ಡಪಟ್ಟಿ. ಹಳೆಯ ಮಣೆ ಮನೆಯಲ್ಲಿದ್ದರೆ ಬೋರಲು ಹಾಕಿ ನೋಡಿ. ಕೆಲವದರಲ್ಲಿ ಹಲಗೆಯ ತಳಕ್ಕೆ ಬಾಯಿ ಕಿರಿದಾಗಿ ಒಳಗೆ ಅಗಲವಾಗುವ ಕಾಲುವೆ ತೋಡಿ, ಅದೇ ಆಕಾರದ ಪಟ್ಟಿಯನ್ನು ಪಕ್ಕದಿಂದ ಬಡಿದು ಸೇರಿಸಿರುತ್ತಾರೆ. ಅಂಟಿಲ್ಲ, ಮೊಳೆಯಿಲ್ಲ. ಪಟ್ಟಿ ಹಲಗೆಯನ್ನು ಬಾಗಲು ಬಿಡುವುದಿಲ್ಲ, ಹಿಗ್ಗಲು ಬಿಡುತ್ತದೆ. ಅದನ್ನು ಮಾಡಿದ ಬಡಗಿಗೆ ಶೇಕಡಾ ಲೆಕ್ಕ ಗೊತ್ತಿರಲಿಕ್ಕಿಲ್ಲ, ಮರ ಗೊತ್ತಿತ್ತು.

ಮೊದಲ ಮಣೆಗೆ ಆ ಕಾಲುವೆ ಕಷ್ಟ. ಸ್ಕ್ರೂ ಸಾಕು, ಆದರೆ ನನ್ನ ಕುಂದಾಪುರದ ಮೇಜಿನ ಹಾಗಲ್ಲ. ಪ್ರತಿ ಪಟ್ಟಿಗೆ ಮೂರು ತೂತು. ನಡುವಿನದು ಗುಂಡಗೆ, ಸ್ಕ್ರೂ ಬಿಗಿಯಾಗಿ ಕೂರುವಂತೆ. ಎರಡು ತುದಿಯವು ಪಟ್ಟಿಯ ಉದ್ದಕ್ಕೆ ನೀಳವಾಗಿರಬೇಕು. ಅಕ್ಕಪಕ್ಕ ಎರಡು ತೂತು ಕೊರೆದು ನಡುವಿನ ಗೋಡೆಯನ್ನು ಅರ್ಧ ಇಂಚಿನ ಉಳಿಯ ಮೂಲೆಯಿಂದ ಬಿಡಿಸಿದರೆ ನೀಳವಾಗುತ್ತದೆ. ಸ್ಕ್ರೂವಿನ ತಲೆಯಡಿ ವಾಷರ್ ಹಾಕಿ, ಪೂರ್ತಿ ಬಿಗಿದು ಕಾಲು ಸುತ್ತು ಹಿಂದಕ್ಕೆ ಬಿಡಿ. ಅಂಟು ಹಚ್ಚುವ ಹಂಬಲವಾದರೆ ನಡುವಿನಲ್ಲಿ ಒಂದು ಇಂಚಿನಷ್ಟಕ್ಕೆ ಮಾತ್ರ.

ವಾರ್ಡ್‌ರೋಬು, ಅಡುಗೆಮನೆಯ ಕಪಾಟು ಮಾಡಬೇಕೆನ್ನುವವರಿಗೆ ಪ್ಲೈವುಡ್ ಇದೆ. ಪದರಗಳು ಒಂದಕ್ಕೊಂದು ಅಡ್ಡವಾಗಿರುವುದರಿಂದ ಅದು ಹೀಗೆ ಹಿಗ್ಗಿ ಕುಗ್ಗಿ ಆಡುವುದಿಲ್ಲ. ನೀರಿನ ಹತ್ತಿರಕ್ಕೆ ಐಎಸ್ 710 (ನೀರು ತಡೆಯುವ ಪ್ಲೈವುಡ್ಡಿನ ಭಾರತೀಯ ಮಾನಕ) ಮುದ್ರೆಯದನ್ನು ನೋಡಿಕೊಳ್ಳಿ. ಅದು ಬೇರೆಯೇ ಕೆಲಸ, ಇನ್ನೊಮ್ಮೆ ಬರೆಯುತ್ತೇನೆ.

ಒಂದು ವಿಷಯದಲ್ಲಿ ಮಾತ್ರ ನನ್ನಲ್ಲಿ ರಾಜಿಯಿಲ್ಲ. ನಾಲ್ಕು ಇಂಚಿನ ಕಲ್ಲು ಕತ್ತರಿಸುವ ಯಂತ್ರಕ್ಕೆ ಮರದ ಬ್ಲೇಡು ಹಾಕಿ, ಪ್ಲೈವುಡ್ ಹಲಗೆಯ ಕೆಳಗೆ ಬೋರಲು ಕಟ್ಟಿ, ಮೇಲೆ ರಕ್ಷಣೆಯ ಕವಚವಿಲ್ಲದೆ ಕೊಯ್ಯುವ ಪದ್ಧತಿ ನಮ್ಮಲ್ಲಿದೆ. ನಿಮಿಷಕ್ಕೆ ಹನ್ನೆರಡು ಸಾವಿರ ಸುತ್ತಿನ ಆಸುಪಾಸಿನಲ್ಲಿ ತಿರುಗುವ ಬ್ಲೇಡು ಅದು. ಇಪ್ಪತ್ತು ವರ್ಷ ಅನುಭವವಿರುವವರ ಬೆರಳುಗಳು ಹೋದದ್ದನ್ನು ಕಂಡಿದ್ದೇನೆ. ಮನೆಯಲ್ಲಿ ಅದನ್ನು ಕಟ್ಟಲೇಬೇಡಿ. ಧೂಳಿಗೆ ಮಾಸ್ಕ್ ಹಾಕಿಕೊಳ್ಳಿ, ಮರದ ಧೂಳು ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿದೆ.

ಕೊನೆಗೆ ಎಣ್ಣೆ. ಕೊಬ್ಬರಿ ಎಣ್ಣೆ ಬೇಡ, ಅದು ಒಣಗುವುದಿಲ್ಲ, ಧೂಳು ಹಿಡಿದು ಜಿಗುಟಾಗುತ್ತದೆ. ಅಗಸೆ ಎಣ್ಣೆ ಗಾಳಿಗೆ ಗಟ್ಟಿಯಾಗುತ್ತದೆ. ಬಟ್ಟೆಯಿಂದ ತೆಳ್ಳಗೆ ಹಚ್ಚಿ, ಕಾಲು ಗಂಟೆ ಬಿಟ್ಟು, ಉಳಿದದ್ದನ್ನು ಪೂರ್ತಿ ಒರೆಸಿ ತೆಗೆಯಿರಿ. ಎರಡು ಮೂರು ದಿನ ಬಿಟ್ಟು ಮತ್ತೊಮ್ಮೆ. ಆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಗಟ್ಟಿಯಾಗುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗೆ ಆ ಬಿಸಿ ಸೇರಿಕೊಂಡು ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಹೊರಗೆ ತಂತಿಯ ಮೇಲೆ ಹರವಿ ಒಣಗಿಸಿ.

ಮಣೆಯನ್ನು ಮಾರ್ಚ್ ಏಪ್ರಿಲ್‌ನಲ್ಲಿ ಮಾಡಿದರೆ ಒಂದು ಕೆಲಸ ಮಾಡಿ. ಪಟ್ಟಿಯ ಎರಡೂ ತುದಿಗಳನ್ನು ಹಲಗೆಯ ಅಂಚಿಗಿಂತ ಕಾಲು ಇಂಚು ಒಳಗೆ ನಿಲ್ಲಿಸಿ, ಎಣ್ಣೆ ಹಚ್ಚುವ ಮೊದಲು ಆ ಅಂತರವನ್ನು ಅಳೆದು ಅಲ್ಲೇ ಬರೆದಿಡಿ. ಆಷಾಢದಲ್ಲಿ ಮಣೆ ಬೋರಲು ಹಾಕಿ ಮತ್ತೆ ಅಳೆಯಿರಿ. ಅಂತರ ಎರಡೂ ಕಡೆ ಚೂರು ಬೆಳೆದಿದ್ದು, ಹಲಗೆ ಇನ್ನೂ ಚಪ್ಪಟೆಯಾಗಿಯೇ ಇದ್ದರೆ, ಆ ಮೇಜಿನ ಚಿತ್ರ ತೆಗೆದುಕೊಂಡು ಬನ್ನಿ.