ಬೋರ್ ಸೈಜ್ ಓಕೆ, ಪೊಸಿಷನ್ ಮಾತ್ರ ಕೆಂಪು: ಎಲ್ಲಿಂದ ಹುಡುಕಬೇಕು?

ಕೋಲಾರದ ವೇಮಗಲ್ ಕೈಗಾರಿಕಾ ಪ್ರದೇಶದಿಂದ ಬಂದ ಪ್ರಶ್ನೆ: ಅಲ್ಯೂಮಿನಿಯಂ ಹೌಸಿಂಗ್‌ನಲ್ಲಿ ಆರು ತೂತುಗಳ ಸೈಜ್ ಸರಿಯಿದೆ, ನಮ್ಮ ಸಿಎಂಎಂ (ಪ್ರೋಬ್ ತಾಗಿಸಿ ಅಳೆಯುವ ಯಂತ್ರ) ರಿಪೋರ್ಟ್‌ನಲ್ಲಿ ಪೊಸಿಷನ್ (ತೂತಿನ ಕೇಂದ್ರ ಇರಬೇಕಾದ ಜಾಗದಿಂದ ಎಷ್ಟು ತಪ್ಪಿದೆ ಎಂಬ ಅಳತೆ) ಫೇಲ್. ಅದೇ ಪಾರ್ಟ್ ಕಸ್ಟಮರ್ ಹತ್ತಿರ ಪಾಸ್. ತೂತು ಕೊರೆಯುವ ಯಂತ್ರವಾದ ವಿಎಂಸಿಯ ಆಫ್‌ಸೆಟ್ (ಕೆಲಸದ ಸೊನ್ನೆ ಬಿಂದು ಎಲ್ಲಿ ಎಂಬ ಸೆಟ್ಟಿಂಗ್) ಬದಲಿಸಬೇಕಾ, ಸಿಎಂಎಂ ಪ್ರೋಗ್ರಾಂ ನೋಡಬೇಕಾ?

ಸದ್ಯಕ್ಕೆ ಆಫ್‌ಸೆಟ್ ಮುಟ್ಟಬೇಡಿ. ಪೊಸಿಷನ್ ಅಂಕಿಯನ್ನೂ ಬದಿಗಿಡಿ, ಅದರಲ್ಲಿ ದಿಕ್ಕು ಇರುವುದಿಲ್ಲ. ಎಕ್ಸ್‌ನಲ್ಲಿ 0.06, ವೈನಲ್ಲಿ 0.08 ಮಿ.ಮೀ. ತಪ್ಪಿದ್ದರೆ ಕೇಂದ್ರ ಸರಿದಿರುವುದು 0.10, ರಿಪೋರ್ಟ್‌ನಲ್ಲಿ ಬರುವುದು ಅದರ ಎರಡರಷ್ಟು, 0.20. ಯಾವ ಕಡೆಗೆ ಸರಿದಿದೆ ಎಂಬುದು ಅಲ್ಲೇ ಅಳಿಸಿಹೋಯಿತು. ಆರೂ ತೂತುಗಳ ಎಕ್ಸ್, ವೈ ವ್ಯತ್ಯಾಸವನ್ನು ಪ್ಲಸ್ ಮೈನಸ್ ಸಮೇತ ಒಂದು ಹಾಳೆಯಲ್ಲಿ ಬರೆದು, ತೂತುಗಳ ಚಿತ್ರದ ಮೇಲೆ ಬಾಣ ಹಾಕಿ.

ಎಲ್ಲ ಬಾಣಗಳೂ ಒಂದೇ ಕಡೆಗೆ, ಒಂದೇ ಅಳತೆಗೆ ಇದ್ದರೆ ಒರಿಜಿನ್, ಅಂದರೆ ಅಳತೆಯ ಸೊನ್ನೆ ಬಿಂದು, ಸರಿದಿದೆ. ಆ ಸೊನ್ನೆ ಕೊಡುವ ಡೇಟಂ (ಡ್ರಾಯಿಂಗ್‌ನಲ್ಲಿ ಅಳತೆಗೆ ಆಧಾರವೆಂದು ಹೆಸರಿಸಿದ ಭಾಗ) ಬಿ ಬೋರ್‌ನಲ್ಲಿ ಬರ್ (ಅಂಚಿನ ಲೋಹದ ಮುಳ್ಳು), ಚಿಪ್ಸ್ (ಲೋಹದ ಚೂರು) ಉಳಿದಿದೆಯೇ ನೋಡಿ. ನಾಲ್ಕೇ ಪಾಯಿಂಟ್ ತೆಗೆದುಕೊಂಡಿದ್ದರೆ ಎಂಟು, ಹನ್ನೆರಡಕ್ಕೆ ಏರಿಸಿ. ನಾಲ್ಕರಲ್ಲಿ ಒಂದು ಚಿಪ್ ಮೇಲೆ ಬಿದ್ದರೂ ಕೇಂದ್ರ ಓಡಿಹೋಗುತ್ತದೆ.

ಬಾಣಗಳು ಬಿ ಸುತ್ತ ತಿರುಗಿದಂತಿದ್ದು, ದೂರ ಹೋದಷ್ಟೂ ಉದ್ದವಾಗಿದ್ದರೆ ಅಕ್ಷದ ದಿಕ್ಕು ಹಿಡಿಯುವ ಡೇಟಂ ಸಿ ಕಡೆ ಹೋಗಿ. ಬಿಯಿಂದ 40 ಮಿ.ಮೀ. ದೂರದ ಸಿ ತೂತು ಅಡ್ಡಕ್ಕೆ 0.01 ತಪ್ಪಿದರೆ, 200 ಮಿ.ಮೀ. ದೂರದ ತೂತಿನಲ್ಲಿ ಅದು 0.05. ಪೊಸಿಷನ್‌ನಲ್ಲಿ 0.10. ಟಾಲರೆನ್ಸ್ (ತಪ್ಪಿಗೆ ಇರುವ ಮಿತಿ) 0.10 ಇದ್ದರೆ ಅಲ್ಲೇ ಮುಗಿಯಿತು. ದೂರದ ಬೇರೆ ತೂತನ್ನು ಸಿ ಮಾಡಿಕೊಂಡರೆ ಅಂಕಿ ಚೆನ್ನಾಗಿ ಬರುತ್ತದೆ, ಆದರೆ ಅದು ಡ್ರಾಯಿಂಗ್ ಕೇಳಿದ ಅಳತೆಯಲ್ಲ. ಎಲ್ಲ ತೂತುಗಳಿಗೆ ಬೆಸ್ಟ್ ಫಿಟ್ (ಒಟ್ಟು ತಪ್ಪು ಕಡಿಮೆಯಾಗುವಂತೆ ಹೊಂದಿಸುವುದು) ಕೊಟ್ಟು ಹಸಿರು ಮಾಡುವುದೂ ಇದೇ ಜಾತಿಯ ಕಳ್ಳಾಟ.

ಬಾಣಗಳು ಒರಿಜಿನ್‌ನಿಂದ ಹೊರಕ್ಕೆ ಚಾಚಿದ್ದರೆ ಪಾರ್ಟ್ ಬಿಸಿ ಇರಬಹುದು. ಅಳತೆಯ ಆಧಾರ ತಾಪಮಾನ 20 ಡಿಗ್ರಿ. ಅಲ್ಯೂಮಿನಿಯಂ ಮೀಟರಿಗೆ, ಡಿಗ್ರಿಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ. 28 ಡಿಗ್ರಿಯಲ್ಲಿರುವ 300 ಮಿ.ಮೀ. ಉದ್ದ 0.055 ಹೆಚ್ಚು ತೋರಿಸುತ್ತದೆ. ಏಪ್ರಿಲ್ ಮಧ್ಯಾಹ್ನ ವಿಎಂಸಿಯಿಂದ ಇಳಿಸಿದ ಪಾರ್ಟನ್ನು ನೇರ ಸಿಎಂಎಂ ಬೆಡ್ ಮೇಲೆ ಇಟ್ಟರೆ ಆಗುವುದು ಇದೇ. ತೊಳೆದು, ಎಸಿ ರೂಮಿನಲ್ಲಿ ಬಿಟ್ಟು, ಪಾರ್ಟ್ ತಾಪಮಾನ ನೋಡಿ ಆಮೇಲೆ ಅಳೆಯಿರಿ. ಟೆಂಪರೇಚರ್ ಕಾಂಪನ್ಸೇಶನ್ ಆನ್ ಇದ್ದರೆ ಅದರಲ್ಲಿ ಸ್ಟೀಲ್ ಅಂತ ಉಳಿದುಬಿಟ್ಟಿದೆಯೇ ಅಂತಲೂ ನೋಡಿ.

ಒಂದೇ ತೂತು ಹೊರಗಿದ್ದರೆ ಮೊದಲು ನಾಮಿನಲ್ (ಡ್ರಾಯಿಂಗ್ ಕೊಟ್ಟ ಅಳತೆ) ಟೈಪ್ ಮಾಡಿದ್ದು ಸರಿಯೇ, ಸ್ಟೈಲಸ್‌ನ (ಪ್ರೋಬ್‌ನ ಸೂಜಿ) ಬಾಲ್ ಬದಲು ಕಡ್ಡಿ ತಾಗುತ್ತಿದೆಯೇ ನೋಡಿ. ಎರಡೂ ಅಲ್ಲವೆಂದರೆ ತೂತೇ ತಪ್ಪಾಗಿದೆ.

ಇನ್ನು ಡೇಟಂ ಸರದಿ. ಡ್ರಾಯಿಂಗ್ ಎ ಮುಖ, ಆಮೇಲೆ ಬಿ ಬೋರ್ ಅಂದಿರುತ್ತದೆ. ಪ್ರೋಗ್ರಾಂ ಎ ಮುಖದ ಬದಲು ಬೋರ್ ಅಕ್ಷಕ್ಕೇ ಲೆವೆಲ್ ಮಾಡಿರಬಹುದು. ಗಿಡ್ಡ ಬೋರ್‌ನಲ್ಲಿ 6 ಮಿ.ಮೀ. ಅಂತರದ ಎರಡು ಸರ್ಕಲ್‌ಗಳ ಕೇಂದ್ರ 0.004 ವ್ಯತ್ಯಾಸವಾದರೂ, ಅಕ್ಷದುದ್ದಕ್ಕೆ 150 ಮಿ.ಮೀ. ದೂರದಲ್ಲಿ ಅದು 0.10. ಜೊತೆಗೆ, ಪ್ರೋಗ್ರಾಂನ ಅಲೈನ್‌ಮೆಂಟ್ (ಪಾರ್ಟಿನ ಅಕ್ಷ, ಸೊನ್ನೆ ಹೊಂದಿಸುವುದು) ಒಂದು, ಪೊಸಿಷನ್ ಕಮಾಂಡ್‌ನೊಳಗಿನ ಎ, ಬಿ, ಸಿ ಇನ್ನೊಂದು. ಕೆಲವು ಸಾಫ್ಟ್‌ವೇರ್ ಕಮಾಂಡ್‌ಗಳು ಆ ಕ್ಷಣದ ಅಲೈನ್‌ಮೆಂಟ್‌ನಿಂದ ಲೆಕ್ಕ ಹಾಕುತ್ತವೆ, ಕೆಲವು ಡೇಟಂಗಳಿಂದ ಹೊಸದಾಗಿ ಕಟ್ಟಿಕೊಳ್ಳುತ್ತವೆ. ನಿಮ್ಮದು ಯಾವುದೆಂದು ತಿಳಿಯದೆ ಅಲೈನ್‌ಮೆಂಟ್ ತಿದ್ದುತ್ತಾ ಕೂತರೆ ಅಂಕಿ ಅಲುಗದೆಯೂ ಇರಬಹುದು.

ಕಸ್ಟಮರ್‌ಗೂ ನಿಮಗೂ ತಾಳೆಯಾಗದಿರಲು ಇನ್ನೆರಡು ಕಾರಣ ಸಾಮಾನ್ಯ. ಒಂದು, ಫಿಟ್: ನೀವು ಡೇಟಂ ಬೋರ್‌ಗೆ ಲೀಸ್ಟ್ ಸ್ಕ್ವೇರ್ (ಪಾಯಿಂಟ್‌ಗಳ ಸರಾಸರಿಗೆ ಹೊಂದುವ ಸಿಲಿಂಡರ್) ಕೊಟ್ಟಿದ್ದೀರಿ, ಅವರು ಒಳಗೆ ಕೂರುವ ಅತಿ ದೊಡ್ಡ ಸಿಲಿಂಡರ್ ಕೊಟ್ಟಿದ್ದಾರೆ. ಬೋರ್ ಓವಲ್ ಇದ್ದಷ್ಟೂ ಅಂತರ ಹೆಚ್ಚು. ಎರಡು, ಡ್ರಾಯಿಂಗ್‌ನಲ್ಲಿ ಟಾಲರೆನ್ಸ್ ಪಕ್ಕದ ವೃತ್ತದೊಳಗಿನ ಎಂ, ಅಂದರೆ ತೂತು ಕನಿಷ್ಠ ಸೈಜಿಗಿಂತ ದೊಡ್ಡದಾದಷ್ಟು ಟಾಲರೆನ್ಸ್ ಹೆಚ್ಚಿಸಿಕೊಡುವ ಗುರುತು. 10.00 ಕನಿಷ್ಠ ಸೈಜಿನ ತೂತು 10.06 ಬಂದಿದ್ದರೆ 0.20 ಟಾಲರೆನ್ಸ್ 0.26 ಆಗುತ್ತದೆ. ಆ ಬೋನಸ್ ನಿಮ್ಮ ಕಮಾಂಡ್‌ನಲ್ಲಿ ಹಾಕಿಲ್ಲದಿದ್ದರೆ ಫೇಲ್, ಅವರಲ್ಲಿ ಪಾಸ್.

ಮಷಿನ್ ಮೇಲೇ ಅನುಮಾನವಿದ್ದರೆ ಪಾರ್ಟನ್ನು ಬೆಡ್ ಮೇಲೆ 180 ಡಿಗ್ರಿ ತಿರುಗಿಸಿ ಅದೇ ಪ್ರೋಗ್ರಾಂ ಓಡಿಸಿ. ಪಾರ್ಟ್ ಅಕ್ಷಗಳಲ್ಲಿ ಎಕ್ಸ್, ವೈ ಹಾಗೆಯೇ ಬಂದರೆ ಹೆಚ್ಚಾಗಿ ಪಾರ್ಟ್ ಅಥವಾ ಪ್ರೋಗ್ರಾಂ. ಚಿಹ್ನೆ ಉಲ್ಟಾ ಆದರೆ ಮಷಿನ್ ಅಥವಾ ಪ್ರೋಬ್. ಪ್ರೋಬ್ ಹೆಡ್ ತಿರುಗಿಸಿ ಹಲವು ಟಿಪ್ (ಬೇರೆ ಬೇರೆ ಕೋನದ ಸ್ಟೈಲಸ್ ತುದಿ) ಬಳಸುತ್ತಿದ್ದರೆ ಎಲ್ಲ ಟಿಪ್‌ನಿಂದಲೂ ಮಾಸ್ಟರ್ ಬಾಲ್ (ಪ್ರೋಬ್ ಕ್ಯಾಲಿಬ್ರೇಟ್ ಮಾಡುವ ಗೋಲ) ಅಳೆದು ಕೇಂದ್ರಗಳನ್ನು ಹೋಲಿಸಿ. ಬಾಲ್ ಜಾಗ ಬದಲಿಸಿದ ಮೇಲೆ ಒಂದೇ ಟಿಪ್ ಕ್ಯಾಲಿಬ್ರೇಟ್ ಮಾಡಿ ಉಳಿದವನ್ನು ಬಿಟ್ಟಿದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ.

ಕೊನೆಗೆ ಆಫ್‌ಸೆಟ್. ಬಿ ಬೋರ್ ಮತ್ತು ಆರು ತೂತುಗಳು ಒಂದೇ ಕ್ಲ್ಯಾಂಪಿಂಗ್‌ನಲ್ಲಿ ಆಗುತ್ತಿದ್ದರೆ ವರ್ಕ್ ಆಫ್‌ಸೆಟ್ ಎಕ್ಸ್, ವೈ ಬದಲಿಸಿ ಲಾಭವಿಲ್ಲ, ಎಲ್ಲವೂ ಜೊತೆಗೇ ಸರಿಯುತ್ತವೆ. ಬಿ ಹಿಂದಿನ ಆಪರೇಷನ್‌ನಲ್ಲಿ ಆಗಿ ಬಂದಿದ್ದು, ನಾಲ್ಕೈದು ಪಾರ್ಟ್‌ಗಳಲ್ಲಿ ಬಾಣಗಳು ಒಂದೇ ಕಡೆಗೆ ಇದ್ದರೆ ಮಾತ್ರ ಆಫ್‌ಸೆಟ್ ಬದಲಿಸಿ. ಆಗ ಹಾಕಬೇಕಾದ್ದು ಎಕ್ಸ್, ವೈ ವ್ಯತ್ಯಾಸದ ಸರಾಸರಿ, ಪೊಸಿಷನ್ ಅಂಕಿಯಲ್ಲ.