ಕುಡಿದದ್ದು ಮಗ, ಕಟ್ಟುವುದು ತೋಟ

ರಾಷ್ಟ್ರೀಯ ಹೆದ್ದಾರಿ 66ರಲ್ಲಿಯೋ ದೇವಿಮನೆ ಘಟ್ಟದ ತಿರುವಿನಲ್ಲಿಯೋ ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬ ಕುಡಿದು ಗಾಡಿ ಓಡಿಸಿ ಯಾರದ್ದಾದರೂ ಜೀವ ತೆಗೆದ ಸುದ್ದಿ ಬಂದ ಮರುದಿನ, ಕಾರವಾರದ ನ್ಯಾಯಾಲಯದ ಆವರಣದಲ್ಲಿ ಕೇಳಿಬರುವ ಮಾತು ಒಂದೇ: ಇಂಥವರಿಗೆ ನಮ್ಮ ಕಾನೂನಿನಲ್ಲಿ ಶಿಕ್ಷೆ ಸಾಲದು. ಇದೇ ಮಾತನ್ನು ಆಡಿದ ಗೃಹಸ್ಥರು ತಮ್ಮ ಮನೆಯ ಹುಡುಗ ಸಿಕ್ಕಿಬಿದ್ದ ದಿನ ನನ್ನ ಕಚೇರಿಗೆ ಬಂದು, ‘ಮಾಣಿ ಇನ್ನೂ ಸಣ್ಣವ, ದಂಡ ಎಷ್ಟಾದರೂ ಆಗಲಿ, ಕಟ್ಟಿ ಮುಗಿಸಿಬಿಡಿ ವಕೀಲರೇ’ ಎನ್ನುತ್ತಾರೆ. ಅಪಘಾತ ಪರಿಹಾರದ ಪ್ರಕರಣಗಳನ್ನೇ ಹೆಚ್ಚಾಗಿ ನಡೆಸುವ ನನಗೆ ಈ ಎರಡು ಮಾತುಗಳಲ್ಲಿ ಯಾವುದೂ ಪೂರ್ತಿ ಒಪ್ಪಿಗೆಯಾಗುವುದಿಲ್ಲ.

ಕಾನೂನಿನ ಅಕ್ಷರ ಸಡಿಲವಾಗಿಲ್ಲ. ಮೋಟಾರು ವಾಹನಗಳ ಕಾಯ್ದೆಯ 185ನೇ ಕಲಮಿನ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿ ಮದ್ಯಸಾರ ಇದ್ದರೆ ಅಪರಾಧ. ಮೊದಲ ಸಲಕ್ಕೆ ಆರು ತಿಂಗಳವರೆಗೆ ಸೆರೆವಾಸ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಎರಡು ವರ್ಷದವರೆಗೆ ಸೆರೆವಾಸ ಅಥವಾ 15,000 ರೂಪಾಯಿ ದಂಡ ಅಥವಾ ಎರಡೂ, ಜೊತೆಗೆ ಲೈಸೆನ್ಸ್ ರದ್ದು. 2019ರ ತಿದ್ದುಪಡಿಗೆ ಮುನ್ನ ಮೊದಲ ಅಪರಾಧದ ದಂಡ 2,000 ರೂಪಾಯಿ ಮೀರುವಂತಿರಲಿಲ್ಲ. ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು ಐದು ವರ್ಷದವರೆಗೆ ಹೋಗುತ್ತದೆ. ಸಾವು ಸಂಭವಿಸಬಹುದೆಂಬ ಅರಿವಿದ್ದೂ ಓಡಿಸಿದನೆಂದು ಸಾಬೀತಾದರೆ ಇನ್ನೂ ಗಂಭೀರವಾದ 105ನೇ ಕಲಮು ಬರುತ್ತದೆ. ಹೀಗೆ ಸಾಬೀತಾದ ನಿದರ್ಶನವೂ ಇದೆ. 2006ರಲ್ಲಿ ಮುಂಬಯಿಯ ಕಾರ್ಟರ್ ರಸ್ತೆಯ ಪಾದಚಾರಿ ಮಾರ್ಗದಲ್ಲಿ ಮಲಗಿದ್ದ ಏಳು ಕೂಲಿಕಾರರ ಮೇಲೆ ಕಾರು ಹರಿದು ಅವರು ಸತ್ತ ಪ್ರಕರಣದಲ್ಲಿ, ಆಗಿನ ದಂಡ ಸಂಹಿತೆಯ ಸಮಾನ ಕಲಮಿನಡಿ ಮೂರು ವರ್ಷದ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 2012ರಲ್ಲಿ ಎತ್ತಿಹಿಡಿಯಿತು. ಏಳು ಜೀವಕ್ಕೆ ಮೂರು ವರ್ಷ ಕಡಿಮೆ ಎನ್ನುವವರೊಂದಿಗೆ ನಾನು ವಾದಕ್ಕೆ ಇಳಿಯುವುದಿಲ್ಲ.

ಆದರೆ ಸಾವು ನೋವು ಇಲ್ಲದ ನಿತ್ಯದ ಪ್ರಕರಣಗಳಲ್ಲಿ, ಅಂದರೆ ರಾತ್ರಿ ಪೊಲೀಸರು ಉಸಿರು ಪರೀಕ್ಷೆಯ ಯಂತ್ರಕ್ಕೆ ಊದಿಸಿದಾಗ ಸಿಕ್ಕಿಬಿದ್ದ ಹುಡುಗರ ವಿಷಯದಲ್ಲಿ, ಮೊದಲ ಸಲಕ್ಕೆ ಸಾಮಾನ್ಯವಾಗಿ ದಂಡದಲ್ಲಿಯೇ ಮುಗಿಯುತ್ತದೆ. ಆ ಹತ್ತು ಸಾವಿರವನ್ನು ಕಟ್ಟುವವನು ಹುಡುಗನಲ್ಲ. ಅಡಿಕೆ ಮಾರಿದ ಹಣದಲ್ಲಿಯೋ ದೋಣಿಯ ಪಾಲಿನಲ್ಲಿಯೋ ಅವನ ಅಪ್ಪ ಕಟ್ಟುತ್ತಾನೆ. ದಂಡವನ್ನು ಐವತ್ತು ಸಾವಿರಕ್ಕೆ ಏರಿಸಿದರೂ ಕಟ್ಟುವ ಕೈ ಬದಲಾಗುವುದಿಲ್ಲ. ನಾನು ಕಂಡ ಹೆಚ್ಚಿನ ಹುಡುಗರಿಗೆ ಅತ್ಯಂತ ಕಷ್ಟವಾಗಿದ್ದು ನ್ಯಾಯಾಲಯದ ಹೊರಗೆ ಪರಿಚಯದವರು ನೋಡುತ್ತಿರುವಾಗ ಸರದಿಗಾಗಿ ಕಾದು ನಿಲ್ಲುವುದು.

ಇನ್ನು ನನ್ನ ತಾಳ್ಮೆಯನ್ನು ಪರೀಕ್ಷಿಸುವ ವಿಷಯಕ್ಕೆ ಬರುತ್ತೇನೆ. ‘ಫುಲ್ ಇನ್ಶೂರೆನ್ಸ್ ಇದೆಯಲ್ಲ, ಕಂಪನಿ ನೋಡಿಕೊಳ್ಳುತ್ತದೆ’ ಎಂದು ಅಪ್ಪಂದಿರು ಎಷ್ಟು ನಿಶ್ಚಿಂತೆಯಿಂದ ಹೇಳುತ್ತಾರೆಂದರೆ, ಅವರ ಕೈಯಲ್ಲಿರುವ ಪಾಲಿಸಿಯನ್ನು ಅವರೇ ಒಮ್ಮೆಯೂ ಓದಿಲ್ಲವೆಂಬುದು ಆ ನಿಶ್ಚಿಂತೆಯಿಂದಲೇ ಗೊತ್ತಾಗುತ್ತದೆ. ಕುಡಿದು ಓಡಿಸಿದಾಗ ಸ್ವಂತ ಕಾರಿನ ನಷ್ಟ ಸಾಮಾನ್ಯವಾಗಿ ಸಿಗುವುದಿಲ್ಲ. ಅದು ಸಣ್ಣ ಮಾತು. ಕಾರು ಹೋದರೆ ಹೋಗಲಿ. ದೊಡ್ಡ ಮಾತು ಎದುರಿನವರಿಗೆ ಕೊಡಬೇಕಾದ ಪರಿಹಾರದ್ದು. ಮೋಟಾರು ವಾಹನಗಳ ಕಾಯ್ದೆಯ 150ನೇ ಕಲಮು ವಿಮಾ ಕಂಪನಿಗೆ ಹಣ ಕೊಡದಿರಲು ಎತ್ತಿಕೊಳ್ಳಲು ಬಿಟ್ಟಿರುವ ಕೆಲವೇ ತಕರಾರುಗಳಲ್ಲಿ ಈಗ ಮದ್ಯಪಾನವೂ ಸೇರಿದೆ. ನೊಂದ ಕುಟುಂಬ ಬೀದಿಗೆ ಬೀಳಬಾರದೆಂದು ಅಪಘಾತ ಪರಿಹಾರದ ನ್ಯಾಯಮಂಡಳಿಯು ಸಾಮಾನ್ಯವಾಗಿ ಮೊದಲು ಕಂಪನಿಯೇ ಹಣ ಕೊಡಲಿ, ಆಮೇಲೆ ಅದನ್ನು ವಾಹನದ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ಆದೇಶಿಸುತ್ತದೆ. ಕಂಪನಿ ಕೊಟ್ಟ ಸುದ್ದಿ ಊರಿಗೆಲ್ಲ ತಿಳಿಯುತ್ತದೆ. ವಸೂಲಿಯ ನೋಟಿಸು ಎಷ್ಟೋ ಕಾಲದ ನಂತರ ಬರುವುದರಿಂದ ಅದು ತಿಳಿಯುವುದು ಆ ಮನೆಗೆ ಮಾತ್ರ.

ಮೊತ್ತ ಎಷ್ಟಿರಬಹುದೆಂದು ಲೆಕ್ಕ ಹಾಕಿಯೇ ತೋರಿಸುತ್ತೇನೆ. ಅಂಕೋಲೆಯ ಕಡೆಯ, ಮೀನಿನ ಕೆಲಸಕ್ಕೆ ಹೋಗುವ 24 ವರ್ಷದ ಯುವಕನೊಬ್ಬ ತೀರಿಕೊಂಡನೆಂದು ಇಟ್ಟುಕೊಳ್ಳಿ. ತಿಂಗಳ ಗಳಿಕೆ 15,000 ರೂಪಾಯಿ. ಮನೆಯಲ್ಲಿ ಹೆಂಡತಿ, ಕೂಸು, ತಾಯಿ. ಸುಪ್ರೀಂ ಕೋರ್ಟ್ ನಿಗದಿಪಡಿಸಿದ ಸೂತ್ರದಂತೆ ಮುಂದಿನ ಗಳಿಕೆಯ ಭರವಸೆಗೆಂದು ಶೇಕಡಾ 40 ಸೇರಿಸಿದರೆ 21,000, ಅವನ ಸ್ವಂತ ಖರ್ಚಿಗೆ ಮೂರರಲ್ಲಿ ಒಂದು ಪಾಲು ಕಳೆದರೆ 14,000, ವರ್ಷಕ್ಕೆ 1,68,000, ಅದನ್ನು ಗುಣಿಸಲು ಆ ವಯಸ್ಸಿಗೆ ನಿಗದಿಯಾದ ಗುಣಕ 18. ಒಟ್ಟು 30,24,000 ರೂಪಾಯಿ. ಅಂತ್ಯಕ್ರಿಯೆ ಮುಂತಾದ ಬಾಬ್ತುಗಳೂ ಅರ್ಜಿ ಹಾಕಿದ ದಿನದಿಂದ ಬಡ್ಡಿಯೂ ಇದರ ಮೇಲೆ. ಗಾಯಾಳು ಬದುಕುಳಿದರೆ ಮೊತ್ತ ಕಡಿಮೆಯೆಂದು ಭಾವಿಸಬೇಡಿ. ನಮ್ಮ ಜಿಲ್ಲೆಯಿಂದ ತಲೆಗೆ ಪೆಟ್ಟಾದವರನ್ನು ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಒಯ್ಯಬೇಕಾಗುತ್ತದೆ. ಆ ಬಿಲ್ಲುಗಳ ಕಟ್ಟನ್ನು ನ್ಯಾಯಮಂಡಳಿಯ ಮುಂದೆ ಇಡುವುದೂ ನಮ್ಮದೇ ಕೆಲಸ.

ಈ ಮೂವತ್ತು ಲಕ್ಷದ ವಸೂಲಿಗಾಗಿ ಕಂಪನಿ ಬೇರೆ ದಾವೆ ಹೂಡಬೇಕಾಗಿಲ್ಲ. ಅದೇ ಆದೇಶವನ್ನು ಜಾರಿಗೆ ಹಾಕಬಹುದು. ವಾಹನದ ನೋಂದಣಿ ಪತ್ರ (ಆರ್‌ಸಿ) ಅಪ್ಪನ ಹೆಸರಿನಲ್ಲಿದ್ದರೆ ನೋಟಿಸು ಅಪ್ಪನಿಗೆ, ಜಪ್ತಿ ಅವನ ಪಹಣಿಯ ಮೇಲೆ. ಶಿರಸಿ ಕಡೆಯ ಹಿರಿಯರೊಬ್ಬರು (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ) ಇಂಥ ನೋಟಿಸು ಹಿಡಿದು ಬಂದಾಗ ಅವರಿಗೆ ಅರ್ಥವೇ ಆಗಿರಲಿಲ್ಲ. ‘ನಾನು ಆ ದಿನ ಮನೆಯಲ್ಲಿ ಅಡಿಕೆಯ ಕೊನೆಕೊಯ್ಲು ಮಾಡಿಸುತ್ತಿದ್ದೆ, ನನ್ನ ಬಾಯಿಗೆ ಎಲೆಅಡಿಕೆ ಬಿಟ್ಟು ಬೇರೇನೂ ಹೋದದ್ದಿಲ್ಲ’ ಎಂದರು. ಅದು ಸತ್ಯ. ಆದರೆ ಗಾಡಿ ಅವರದ್ದು, ಬೀಗದ ಕೈ ಕೊಟ್ಟವರೂ ಅವರೇ. ಮಾಲೀಕನಿಗೂ ತಪ್ಪಿನಲ್ಲಿ ಪಾಲಿದೆಯೆಂಬುದನ್ನು ಕಂಪನಿಯೇ ಸಾಬೀತುಪಡಿಸಬೇಕು ಎಂಬ ರಕ್ಷಣೆ ಕಾನೂನಿನಲ್ಲಿದೆ. ಆದ್ದರಿಂದ ಪ್ರತಿ ಪ್ರಕರಣದಲ್ಲಿಯೂ ವಸೂಲಿ ಖಚಿತವೆಂದು ನಾನು ಹೇಳಲಾರೆ. ಪಾಟೀಸವಾಲಿನಲ್ಲಿ ಕಂಪನಿಯ ವಕೀಲರು, ಮಗ ಕುಡಿಯುವ ವಿಷಯ ನಿಮಗೆ ಗೊತ್ತಿತ್ತೇ ಎಂದು ಕೇಳಿದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಅವರು, ‘ಗೆಳೆಯರು ಸೇರಿದಾಗ ಸ್ವಲ್ಪ, ಅಷ್ಟೇ’ ಎಂದುಬಿಟ್ಟರು. ಆ ಪ್ರಾಮಾಣಿಕತೆಗೆ ನನಗೆ ಗೌರವವಿದೆ. ನಮ್ಮ ತಕರಾರು ಮಾತ್ರ ಆ ಉತ್ತರದ ನಂತರ ಊರ್ಜಿತವಾಗಲಿಲ್ಲ. ಮಗ ಆಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿಯಾಗಿತ್ತು, ಅವನ ಲೈಸೆನ್ಸ್ ಅವನ ಜೇಬಿನಲ್ಲಿಯೇ ಇತ್ತು.

ಹುಡುಗನಿಗೆ ಹದಿನೆಂಟು ತುಂಬಿರದಿದ್ದರೆ ಕಾನೂನು ನೇರವಾಗಿ ಪೋಷಕರತ್ತ ತಿರುಗುತ್ತದೆ. ಮೋಟಾರು ವಾಹನಗಳ ಕಾಯ್ದೆಯ 199ಎ ಕಲಮಿನಡಿ ಪಾಲಕನಿಗೆ ಅಥವಾ ಮಾಲೀಕನಿಗೆ ಮೂರು ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. 2024ರ ಮೇ ತಿಂಗಳಲ್ಲಿ ಪುಣೆಯಲ್ಲಿ ಹದಿನೇಳರ ಹುಡುಗನ ಕಾರಿಗೆ ಇಬ್ಬರು ಬಲಿಯಾದಾಗ, ಜಾಮೀನಿನ ಷರತ್ತಾಗಿ 300 ಪದಗಳ ಪ್ರಬಂಧ ಬರೆಯಲು ಹೇಳಿದ್ದಕ್ಕೆ ದೇಶವೆಲ್ಲ ಸಿಡಿದೆದ್ದಿತು. ನನ್ನನ್ನು ಅದಕ್ಕಿಂತ ಹೆಚ್ಚು ಕಾಡಿದ್ದು ರಕ್ತದ ಮಾದರಿಯನ್ನೇ ಬದಲಿಸಿದರೆಂಬ ಆರೋಪ. ರಕ್ತದ ವರದಿಯೇ ಕೆಟ್ಟರೆ ಶಿಕ್ಷೆ ಆರು ತಿಂಗಳೋ ಆರು ವರ್ಷವೋ ಎಂಬ ಚರ್ಚೆಗೆ ಬೆಲೆಯಿಲ್ಲ. ಬಂಧಿಸಿದ ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ಆಗಬೇಕೆಂದು 202ನೇ ಕಲಮು ಹೇಳುವುದರ ಹಿಂದೆಯೂ ಇದೇ ಎಚ್ಚರವಿದೆ. ಹೊತ್ತು ಕಳೆದಂತೆ ರಕ್ತದಲ್ಲಿನ ಮದ್ಯಸಾರ ಇಳಿಯುತ್ತದೆ, ಅದರೊಂದಿಗೆ ಸಾಕ್ಷ್ಯವೂ. ಕವಳ (ಎಲೆಅಡಿಕೆ) ಜಗಿದರೆ ಯಂತ್ರಕ್ಕೆ ತಿಳಿಯುವುದಿಲ್ಲ ಎಂದು ನಂಬಿದವರಿಗೆ ಒಂದು ಮಾತು: ಯಂತ್ರ ಅಳೆಯುವುದು ಶ್ವಾಸಕೋಶದಿಂದ ಬರುವ ಉಸಿರನ್ನು. ಹಾಗೆಯೇ, ಮಾಜಾಳಿ ಗಡಿಯಾಚೆ ಪೊಳೆಯಲ್ಲಿ ಅಗ್ಗದ ದರಕ್ಕೆ ಕುಡಿದು ಬೈಕ್ ಏರಿ ಬರುವ ನಮ್ಮ ಹುಡುಗರು, ಗೋವಾದಲ್ಲಿ ಇದಕ್ಕೆಲ್ಲ ಅಡ್ಡಿಯಿಲ್ಲವೆಂದು ತಿಳಿದಿದ್ದಾರೆ. ಮದ್ಯದ ದರ ಅಲ್ಲಿ ಬೇರೆ ಇರಬಹುದು, ಮೋಟಾರು ವಾಹನಗಳ ಕಾಯ್ದೆ ಮಾತ್ರ ಎರಡೂ ಕಡೆ ಒಂದೇ.

ಹಾಗಾದರೆ ಶಿಕ್ಷೆ ಸಾಕೇ ಎಂದು ಕೇಳಿದರೆ, ಇರುವ ಶಿಕ್ಷೆಗಳಲ್ಲಿ ಹುಡುಗನಿಗೇ ತಗಲುವ ಒಂದನ್ನು ನಾವು ಸರಿಯಾಗಿ ಬಳಸುತ್ತಿಲ್ಲ ಎನ್ನುವುದು ನನ್ನ ಉತ್ತರ. ಕುಡಿದು ಓಡಿಸಿದವರ ಲೈಸೆನ್ಸನ್ನು ಮೂರು ತಿಂಗಳಿಗೆ ಕಡಿಮೆಯಿಲ್ಲದಂತೆ ಅಮಾನತಿನಲ್ಲಿ ಇಡಬೇಕೆಂದು ಸುಪ್ರೀಂ ಕೋರ್ಟ್ ನೇಮಿಸಿದ ರಸ್ತೆ ಸುರಕ್ಷತಾ ಸಮಿತಿಯು 2015ರಲ್ಲಿಯೇ ರಾಜ್ಯಗಳಿಗೆ ಸೂಚಿಸಿದೆ. ಬಸ್ಸು ವಿರಳವಾದ ನಮ್ಮ ಹಳ್ಳಿಗಳಲ್ಲಿ ಮೂರು ತಿಂಗಳು ಬೈಕ್ ಮುಟ್ಟದಿರುವುದು ಇಪ್ಪತ್ತೆರಡರ ಹುಡುಗನಿಗೆ ಸಣ್ಣ ಕಷ್ಟವಲ್ಲ, ಮತ್ತು ಇದನ್ನು ಅಪ್ಪ ಅವನ ಬದಲಿಗೆ ಅನುಭವಿಸಲು ಬರುವುದಿಲ್ಲ. ದಂಡ ಕಟ್ಟಿಸಿಕೊಂಡಷ್ಟೇ ತಪ್ಪದೆ ಅಮಾನತಿನ ಆದೇಶವೂ ಹೊರಟು, ಆ ಅವಧಿಯಲ್ಲಿ ಗಾಡಿ ಓಡಿಸಿದರೆ ಹಿಡಿಯುವವರೂ ಇದ್ದರೆ, ಹೊಸ ಕಲಮುಗಳ ಅಗತ್ಯ ನನಗೆ ಅಷ್ಟಾಗಿ ಕಾಣುವುದಿಲ್ಲ.

ತಂದೆ ತಾಯಿಯರಿಗೆ ಹೇಳುವುದು ಇಷ್ಟು. ‘ದಂಡ ಕಟ್ಟಿ ಮುಗಿಸುವುದು’ ಎಂದರೆ ನ್ಯಾಯಾಧೀಶರ ಎದುರು ತಪ್ಪೊಪ್ಪಿಕೊಳ್ಳುವುದು. ಅದು ದಾಖಲೆಯಲ್ಲಿ ಉಳಿಯುವ ಅಪರಾಧ ನಿರ್ಣಯ, ಮುಂದಿನ ಸಲ ಅದನ್ನೇ ಹಿಂದಿನ ಅಪರಾಧವೆಂದು ಎಣಿಸುತ್ತಾರೆ. ಅಪಘಾತವೇ ಆಗಿದ್ದರೆ ಆ ತಪ್ಪೊಪ್ಪಿಗೆಯ ಪ್ರತಿಯನ್ನು ವಿಮಾ ಕಂಪನಿ ನ್ಯಾಯಮಂಡಳಿಯ ಮುಂದೆ ಹಾಜರುಪಡಿಸುವುದನ್ನು ನಿರೀಕ್ಷಿಸಬಹುದು. ಒಪ್ಪಿಕೊಳ್ಳಬೇಕೋ ಬೇಡವೋ ಎಂಬುದು ಪ್ರಕರಣದಿಂದ ಪ್ರಕರಣಕ್ಕೆ ಬೇರೆಯಾಗುತ್ತದೆ, ಕಾಗದ ನೋಡದೆ ಫೋನಿನಲ್ಲಿ ನಾನು ಹೇಳುವುದಿಲ್ಲ. ಬರುವಾಗ ಪಾಲಿಸಿಯ ಮೊದಲ ಪುಟದ ಜೆರಾಕ್ಸ್ ಒಂದನ್ನೇ ತರಬೇಡಿ. ಸಣ್ಣ ಅಕ್ಷರದ ಷರತ್ತುಗಳ ಪುಟಗಳನ್ನೂ ತನ್ನಿ, ಸಾಧ್ಯವಾದರೆ ದಾರಿಯಲ್ಲಿ ಅದನ್ನು ಮಗನಿಂದಲೇ ಗಟ್ಟಿಯಾಗಿ ಓದಿಸಿಕೊಂಡು ಬನ್ನಿ.